ಬತ್ತಾಸು ಕಂಡರೆ ಅಳುವ ಮಕ್ಕಳು

ನಮ್ಮ ಕಡೆ, ಅಂದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸುತ್ತಿನ ಹಳ್ಳಿಗಳಲ್ಲಿ, ಒಂದು ಕಾಲಕ್ಕೆ ಹಟ ಮಾಡುವ ಮಕ್ಕಳನ್ನು ಹೆದರಿಸಲು ಗುಮ್ಮ ಬೇಕಾಗಿರಲಿಲ್ಲ. ನಮ್ಮ ಮಾವನ ಹೆಸರು ಸಾಕಾಗಿತ್ತು. “ದೇವಿ ಡಾಕ್ಟರ ಬಂದ ನೋಡ” ಅಂದರೆ, ಬಾಯಲ್ಲಿ ಹಿಡಿದುಕೊಂಡು ಕೂತಿದ್ದ ತುತ್ತು ತಾನೇ ಗಂಟಲಿಗಿಳಿಯುತ್ತಿತ್ತು. ಈ ಮಾತು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ಯಾಕೆಂದರೆ ಮಾವನಷ್ಟು ಮೆತ್ತನೆಯ ಮನುಷ್ಯನನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಕರುವಿನ ಮೈಮೇಲೆ ನೊಣ ಕೂತರೆ ಊಟ ಬಿಟ್ಟು ಎದ್ದು ಹೋಗಿ ಟವೆಲ್ಲು ಬೀಸುತ್ತಿದ್ದರು.

ಮಾವ ಅಂದರೆ ನನ್ನ ಅಕ್ಕ ಅನ್ನವ್ವನ ಗಂಡ, ಪರಮೇಶಪ್ಪ. ಹುಟ್ಟಿದ್ದು ಹಿರೇಬೆಂಡಿಗೇರಿಯ ಒಕ್ಕಲುತನದ ಮನೆಯಲ್ಲಿ. ಚಿಕ್ಕಂದಿನಲ್ಲಿ ಆ ಮನೆಗೆ ಸಿಡುಬು ಬಂತು. ತಮ್ಮ ಹೋದ, ಇವರು ಉಳಿದರು. ಮುಖ ಮಾತ್ರ ಉಳಿ ಪೆಟ್ಟು ತಿಂದ ಬೀಸುಕಲ್ಲಿನ ಹಾಗಾಯಿತು. ನಾಲ್ಕು ಅಕ್ಷರ ಕಲಿತ ಮೇಲೆ ಹೊಲವನ್ನು ಅಣ್ಣನಿಗೆ ಬಿಟ್ಟು, ಸರಕಾರದ ದೇವಿ ಹಾಕುವ ಕೆಲಸ ಹಿಡಿದು ಹಾನಗಲ್ಲಿನಲ್ಲಿ ಮನೆ ಮಾಡಿದರು. ಸಿಡುಬು ಬಾರದಂತೆ ಮಕ್ಕಳ ರಟ್ಟೆಗೆ ಲಸಿಕೆ ಹಾಕುವುದಕ್ಕೆ ನಮ್ಮಲ್ಲಿ ದೇವಿ ಹಾಕುವುದು ಅನ್ನುತ್ತಾರೆ. ಹಾಕುವವನು ಡಾಕ್ಟರಿಕೆ ಓದಿರಲಿ ಬಿಡಲಿ, ದೇವಿ ಡಾಕ್ಟರ. ಖಾಕಿ ಕೋಟು, ಸೈಕಲ್ಲು, ಅದರ ಹಿಂದೆ ಕಟ್ಟಿದ ತಗಡಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಬೆಳಗಾವಿಯಿಂದ ಬರುವ ಲಸಿಕೆಯ ಸಣ್ಣ ಗಾಜಿನ ಕೊಳವೆಗಳು, ಚೂಪು ಸೂಜಿ, ಸೂಜಿ ಕಾಯಿಸುವ ಸ್ಪಿರಿಟ್ ದೀಪ. ಇವಿಷ್ಟು ಸರಕಾರದ್ದು. ಪಕ್ಕದಲ್ಲಿ ಒಂದು ಕಾಗದದ ಪೊಟ್ಟಣ ಇರುತ್ತಿತ್ತು, ಅದು ಮಾವನ ಸ್ವಂತದ್ದು. ಅದರಲ್ಲಿ ಬತ್ತಾಸು.

ಬತ್ತಾಸು ಕೊಡು ಅಂತ ಸರಕಾರ ಹೇಳಿರಲಿಲ್ಲ, ಮಾವನ ಕರುಳು ಹೇಳಿತ್ತು. ಚಾವಡಿ ಕಟ್ಟೆಯ ಮೇಲೆ ಕೂತು ಒಂದೊಂದೇ ಕೂಸನ್ನು ಹತ್ತಿರ ಕರೆಯುವುದು, ಮೊದಲು ಅದರ ಬಾಯಿಗೆ ಬತ್ತಾಸು ಇಡುವುದು, ಕೂಸು ಚೀಪುತ್ತ ನಗುತ್ತಿರುವಾಗ “ಏನಿಲ್ಲ ತಂಗಿ, ಇರುವಿ ಕಡದಂಗ, ಅಷ್ಟ” ಅನ್ನುತ್ತ ರಟ್ಟೆ ಹಿಡಿದು ಗೀರುವುದು. “ಮುಂದ ಅಳೂದ ಐತಿ. ಮೊದಲರ ಬಾಯಿ ಸಿಹಿ ಆಗಲಿ, ಪಾಪ” ಅಂತ ಅಕ್ಕನ ಹತ್ತಿರ ಹೇಳುತ್ತಿದ್ದರು. ಇಷ್ಟು ಒಳ್ಳೆಯ ಮನಸ್ಸಿನಿಂದ ಎಂಥ ಎಡವಟ್ಟು ಆದೀತು ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಎಡವಟ್ಟು ಕಣ್ಣಿಗೆ ಬಿದ್ದದ್ದು ಹುಲಗೂರಿನಲ್ಲಿ. ಅಲ್ಲಿಯ ದರ್ಗಾಕ್ಕೆ ಆ ಜಾತಿ ಈ ಜಾತಿ ಅನ್ನದೆ ಎಲ್ಲರೂ ಸಕ್ಕರೆ ಓದಿಸಲು ಹೋಗುತ್ತಾರೆ. ಸಕ್ಕರೆಯನ್ನೋ ಬತ್ತಾಸನ್ನೋ ಒಯ್ದು ಕೊಟ್ಟರೆ ದರ್ಗಾ ನೋಡಿಕೊಳ್ಳುವ ಮುಜಾವರ ಅದರ ಮೇಲೆ ಓದಿ, ಅಲ್ಲಿದ್ದವರಿಗೆ ಹಂಚುತ್ತಾನೆ. ಆಗ ಹಂಚುತ್ತಿದ್ದವನು ಹಯಾತ. ಮದುವೆಯಾಗಿ ಬಹಳ ದಿನವಾದರೂ ಅಕ್ಕನಿಗೆ ಮಕ್ಕಳಿರಲಿಲ್ಲ, ಹರಕೆ ಹೊರಲು ಒಂದು ಗುರುವಾರ ನಾವು ಮೂವರೂ ಹೋಗಿದ್ದೆವು. ಹಯಾತ ಬತ್ತಾಸಿನ ತಾಟು ಹಿಡಿದು ಅಂಗಳಕ್ಕೆ ಬಂದ. ಪರ ಊರಿನ ಮಕ್ಕಳು ಮುಗಿಬಿದ್ದರು. ಹುಲಗೂರಿನ ಸಣ್ಣ ಮಕ್ಕಳು ಮಾತ್ರ ತಾಟು ನೋಡಿದ್ದೇ ತಡ, ರಟ್ಟೆ ಮುಚ್ಚಿಕೊಂಡು ಚೀರುತ್ತ ಓಡಿದವು. ಒಂದು ಕೂಸಂತೂ ಅವ್ವನ ಸೆರಗಿನೊಳಗೆ ಹೊಕ್ಕದ್ದು ಹೊರಗೆ ಬರಲೇ ಒಲ್ಲದು.

“ಡಾಕ್ಟರ್ ಸಾಹೇಬ, ಇದೇನ್ ಮಾಡಿಟ್ಟೀರಿ?” ಹಯಾತ ತಾಟು ಹಿಡಿದುಕೊಂಡೇ ನಮ್ಮ ಹತ್ತಿರ ಬಂದ. “ನಮ್ಮಪ್ಪನ ಕಾಲದಿಂದ ಹಂಚಾಕತ್ತೇವಿ. ಬತ್ತಾಸಕ್ಕ ಓಡಿ ಬರೂ ಹುಡುಗರನ ನೋಡೇನಿ. ಬತ್ತಾಸ ಕಂಡು ಓಡಿ ಹೋಗೂ ಹುಡುಗರನ ಇದ ಮೊದಲ ನೋಡಿದ್ದು.”

ಮಾವ ನಾಚಿ ನೆಲ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ.

ನಾನು ಆಗಷ್ಟೇ ಧಾರವಾಡದಲ್ಲಿ ಶಿಕ್ಷಕಿಯರ ಟ್ರೇನಿಂಗು ಮುಗಿಸಿ ಹಾನಗಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಬಂದಿದ್ದೆ. ಅಕ್ಕನ ಮನೆಯಲ್ಲೇ ನನ್ನ ವಾಸ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಮಾವ ನನಗಿಂತ ಅಷ್ಟು ದೊಡ್ಡವರಾಗಿದ್ದೂ ಚೇಷ್ಟೆಗೆ ನನ್ನನ್ನು ಹಾಗೇ ಕರೆಯುತ್ತಿದ್ದರು. ಟ್ರೇನಿಂಗಿನಲ್ಲಿ ಮನಶ್ಶಾಸ್ತ್ರದ ಪಾಠವಿತ್ತು. ಹೊಸದಾಗಿ ಓದಿಕೊಂಡು ಬಂದವರಿಗೆ ಬಾಯಿ ಸುಮ್ಮನಿರುವುದಿಲ್ಲ, ನನ್ನದಂತೂ ಮೊದಲೇ ಉದ್ದ. ಗಾಡಿಯಲ್ಲಿ ತಿರುಗಿ ಬರುವಾಗ ಸುರುಮಾಡಿದೆ.

“ಮಾವ, ರಷ್ಯಾ ದೇಶದಾಗ ಒಬ್ಬ ಶಾಸ್ತ್ರಜ್ಞ ನಾಯಿ ಇಟಗೊಂಡಿದ್ನಂತರಿ. ಅದಕ್ಕ ಅನ್ನ ಹಾಕೂಕಿಂತ ಮೊದಲ ಒಂದ ಸಪ್ಪಳ ಮಾಡತಿದ್ದ. ದಿನಾ ಹಂಗ ಮಾಡಿ ಮಾಡಿ, ಆಮ್ಯಾಲೆ ಬರೇ ಸಪ್ಪಳ ಕೇಳಿದ್ರ ಸಾಕು, ಅನ್ನ ಇರಲಿ ಬಿಡಲಿ, ನಾಯಿ ಜೊಲ್ಲ ಸುರಿಸಾಕ ಹತ್ತತಿತ್ತಂತ. ಸಪ್ಪಳ ಅನ್ನದ ಗುರುತಾತು. ಹಂಗ ನಿಮ್ಮ ಬತ್ತಾಸ ಸೂಜಿ ಗುರುತಾಗೇತಿ.”

“ಅಲ್ಲ ಅಕ್ಕೋರ, ಬತ್ತಾಸ ಸಿಹಿ ಇರತೈತಲ್ಲ?”

“ಸಿಹಿ ಖರೆ. ಆದರ ಅದರ ಬೆನ್ನ ಹಿಂದ ನೋವು ಬರತೈತಿ. ಸಿಹಿ ಗಳಿಗಿದ್ದು ಕರಗತೈತಿ, ರಟ್ಟಿ ಒಂದ ವಾರ ಬಾಯತೈತಿ. ಕೂಸಿಗೆ ಯಾವ್ದು ನೆನಪಿರತೈತಿ ಹೇಳ್ರಿ?”

ಮನಸ್ಸಿನೊಳಗೆ ಏನಿದೆ ಅಂತ ಇಣುಕಿ ನೋಡುವ ಗೋಜಿಗೆ ಹೋಗಬೇಡಿ, ಹೊರಗೆ ಕಾಣುವ ನಡವಳಿಕೆ ನೋಡಿ ಅಂತ ನಮಗೆ ಹೇಳಿಕೊಟ್ಟಿದ್ದರು. ಕಲಿಯುವುದು ಅಂದರೆ ಇಷ್ಟೇ: ಒಂದರ ಬೆನ್ನಿಗೆ ಇನ್ನೊಂದು ಬಂದು ಬಂದು ಎರಡಕ್ಕೂ ಗಂಟು ಬೀಳುವುದು. ಸಿಹಿಗೂ ಬೀಳುತ್ತದೆ, ನೋವಿಗೂ ಬೀಳುತ್ತದೆ. ನೋವಿನದಾದರೆ ಒಂದೇ ಸಲಕ್ಕೆ ಬಿಗಿಯಾದರೂ ಆಯಿತು. ಮಾವ ಎಲ್ಲ ಕೇಳಿಸಿಕೊಂಡರು. ಅವತ್ತಿನಿಂದ ಹಳ್ಳಿಗಳಲ್ಲಿ ಬತ್ತಾಸು ಕೊಡುವುದನ್ನೇ ಬಿಟ್ಟುಬಿಟ್ಟರು. ಪೊಟ್ಟಣ ಮಾತ್ರ ಪೆಟ್ಟಿಗೆಯಲ್ಲಿ ಉಳಿಯಿತು, ಯಾಕೆಂದರೆ ಮುಂದಿನ ವರ್ಷ ಮನೆಯಲ್ಲೇ ಅದಕ್ಕೊಬ್ಬ ಗಿರಾಕಿ ಹುಟ್ಟಿದಳು.

ಹುಲಗೂರಿನ ಹರಕೆಯಿಂದ ಹುಟ್ಟಿದವಳು ಅಂತ ಫಕ್ಕೀರವ್ವ ಅಂತಲೇ ಹೆಸರಿಟ್ಟರು. ಕೂಸು ಬಡವಾಗಿತ್ತು, ಮಾವನ ಕೈಯಲ್ಲಿ ಮಲಗಿಸಿದರೆ ಮೊಣಕೈ ತನಕವೂ ಬರುತ್ತಿರಲಿಲ್ಲ. ಆ ಕೂಸನ್ನು ಎತ್ತಿಕೊಂಡು ಮಾವ ಓಣಿಯ ತುಂಬ ತಿರುಗಿದ್ದೇ ತಿರುಗಿದ್ದು. ಊರೂರಿನ ಮಕ್ಕಳು ಮುಖ ನೋಡಿದರೆ ಚೀರುತ್ತಿದ್ದ ಮನುಷ್ಯನನ್ನು ಒಂದು ಕೂಸು ನೋಡಿ ನಗುತ್ತಿತ್ತು. ಅದು ಅವರಿಗೆ ಎಷ್ಟು ದೊಡ್ಡದಾಗಿತ್ತು ಅಂತ ನನಗೆ ಆಗ ಪೂರಾ ತಿಳಿದಿರಲಿಲ್ಲ.

ಫಕ್ಕೀರವ್ವ ಅಂಬೆಗಾಲಿಡುವಷ್ಟಾದಾಗ ದಿನಾ ಸಂಜೆಯ ಸೊಗಸು ನೋಡಬೇಕಿತ್ತು. ಮಾವ ಓಣಿ ತಿರುವಿನಲ್ಲಿ ಸೈಕಲ್ಲಿನ ಗಂಟೆ ಬಾರಿಸುವರು. ಒಳಗೆ ಏನು ಮಾಡುತ್ತಿದ್ದರೂ ಬಿಟ್ಟು ಇವಳು ಹೊಸ್ತಿಲಿಗೆ ಬರುವಳು. ಮಾವ ಖಾಕಿ ಕೋಟಿನ ಸಮೇತ ಕೆಳಗೆ ಕೂತು, ಪೆಟ್ಟಿಗೆ ತೆಗೆದು, ಒಂದು ಬತ್ತಾಸನ್ನು ಅವಳ ಬಾಯಿಗಿಡುವರು. ಕೊನೆಕೊನೆಗೆ ಗಂಟೆ ಕೇಳಿದರೆ ಸಾಕು, ಅವಳ ಬಾಯಿ ತಾನೇ ಚಪ್ಪರಿಸತೊಡಗುತ್ತಿತ್ತು.

“ನೋಡ್ರಿ, ನಿಮ್ಮ ಮಗಳು ನಿಮ್ಮ ಸಲುವಾಗಿ ಬರೂದಿಲ್ಲ, ಬತ್ತಾಸದ ಸಲುವಾಗಿ ಬರತಾಳ” ಅಂತ ನಾನು ಕಾಡುತ್ತಿದ್ದೆ.

“ಇರಲೇಳ್ರಿ ಅಕ್ಕೋರ. ಬತ್ತಾಸದ ಸಲುವಾಗಿ ಬಂದ್ರೂ ಕುಂಡ್ರೂದು ನನ್ನ ತೊಡಿ ಮ್ಯಾಲ ಅಲ್ಲ?” ಅಂತ ಅವರು ನಗುತ್ತಿದ್ದರು.

ಈ ಮುದ್ದಿನಲ್ಲಿ ಒಂದು ತಪ್ಪಾಗಿತ್ತು. ಕೂಸು ಬಡವಾಗಿದೆ, ಇನ್ನಷ್ಟು ಗಟ್ಟಿಯಾಗಲಿ ಅಂತ ಮಾವ ಅದಕ್ಕೆ ದೇವಿ ಹಾಕುವುದನ್ನು ಮುಂದೂಡುತ್ತ ಬಂದಿದ್ದರು. ಎರಡು ವರ್ಷ ತುಂಬಿದರೂ ರಟ್ಟೆ ಬರಿದಾಗಿತ್ತು. ಅದು ೧೯೩೬ರ ಚಳಿಗಾಲ. ಹುಲಗೂರಿನ ಚಾವಡಿಯಲ್ಲಿ ಜನ ಮಕ್ಕಳನ್ನು ಮುಂದೆ ಬಿಡದೆ ತಕರಾರು ಮಾಡುತ್ತಿದ್ದಾಗ ಒಬ್ಬ ಮುದುಕಿ ಎಲ್ಲರೆದುರಿಗೆ ಕೇಳಿಬಿಟ್ಟಳು: “ನಿನ್ನ ಮಗಳಿಗೆ ಹಾಕಿಯೇನಪಾ?” ಮಾವ ಸುಳ್ಳು ಹೇಳುವವರಲ್ಲ. ತಲೆ ತಗ್ಗಿಸಿಕೊಂಡು ಬಂದರು. ಮರುವಾರ ಅಕ್ಕನನ್ನೂ ಮಗಳನ್ನೂ ಗಾಡಿಯಲ್ಲಿ ಕೂಡಿಸಿಕೊಂಡು ಹುಲಗೂರಿಗೆ ಹೋದರು. ರವಿವಾರವಾದ್ದರಿಂದ ನಾನೂ ಹೋದೆ.

ಚಾವಡಿಯ ತುಂಬ ಜನ. ಅಷ್ಟು ಹೊಸ ಮುಖ ನೋಡಿ ಫಕ್ಕೀರವ್ವ ತುಟಿ ಮುಂದೆ ಮಾಡಿ ಅಳಲು ಹೊರಟಳು. ಮಾವನಿಗೆ ಮಗಳು ಅಳುವುದನ್ನು ನೋಡಿ ಗೊತ್ತಿರಲಿಲ್ಲ. ಮನೆಯಲ್ಲಿ ಮಾಡುವ ಹಾಗೇ, ಕೈ ತಾನಾಗಿ ಪೆಟ್ಟಿಗೆಗೆ ಹೋಯಿತು, ಪೊಟ್ಟಣ ಬಿಚ್ಚಿತು, ಬತ್ತಾಸು ತೆಗೆದು ಬಾಯಿಗಿಟ್ಟಿತು. ಅವಳು ನಕ್ಕು ತೊಡೆ ಏರಿದಳು. ಸ್ಪಿರಿಟ್ ದೀಪ ಉರಿಯುತ್ತಿತ್ತು. “ಇರುವಿ ಕಡದಂಗ, ಅಷ್ಟ” ಅಂದು ಗೀರಿದರು.

ಅವಳು ಚೀರಲಿಲ್ಲ, ಅದೇ ನನಗೆ ಇನ್ನೂ ಮರೆಯಲಾಗದ್ದು. ಮೊದಲು ತಂದೆಯ ಮುಖ ನೋಡಿದಳು. ಬಾಯಿಂದ ಬತ್ತಾಸನ್ನು ಉಗುಳಿದಳು. ಆಮೇಲೆ ಚೀರಿದಳು.

ಹುಲಗೂರಿನ ಜನ ಒಬ್ಬರ ಹಿಂದೊಬ್ಬರು ಮಕ್ಕಳನ್ನು ಮುಂದೆ ತಂದರು. ಮಾವನ ಕೆಲಸ ಅವತ್ತು ಎಂದೂ ಆಗದಷ್ಟು ಚೆನ್ನಾಗಿ ಆಯಿತು. ಮನೆಗೆ ಬಂದ ಮೇಲೆ ಮಗಳು ಅಕ್ಕನ ಹೆಗಲು ಬಿಟ್ಟು ಇಳಿಯಲಿಲ್ಲ.

ಮರುದಿನ ಸಂಜೆ ಓಣಿ ತಿರುವಿನಲ್ಲಿ ಗಂಟೆ ಕೇಳಿಸಿತು. ಫಕ್ಕೀರವ್ವ ಜೋಳದ ಕಣಜದ ಹಿಂದೆ ಹೋಗಿ ಮುಖ ಗೋಡೆಗೆ ಹಚ್ಚಿ ನಿಂತಳು. ಮಾವ ಬತ್ತಾಸು ಹಿಡಿದು ಹತ್ತಿರ ಹೋದಷ್ಟೂ ಗೋಡೆಯೊಳಗೇ ಹೋಗುವವಳ ಹಾಗೆ ಒತ್ತಿಕೊಂಡಳು. ವಾರ ಕಳೆದು ರಟ್ಟೆಯ ಗುಳ್ಳೆ ಎದ್ದಿದೆಯೋ ಇಲ್ಲವೋ ನೋಡಲೇಬೇಕಲ್ಲ, ಅಕ್ಕ ಅವಳನ್ನು ಹಿಡಿದುಕೊಂಡಳು, ಮಾವ ನೋಡಿದರು. ಅಲ್ಲಿಗೆ ಗಂಟು ಇನ್ನಷ್ಟು ಬಿಗಿಯಿತು. ಗಂಟೆಗೆ ಅಂಜಿದಳು, ಬತ್ತಾಸಿಗೆ ಅಂಜಿದಳು, ಖಾಕಿ ಕೋಟಿಗೆ ಅಂಜಿದಳು. ಅಂಜಿಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುತ್ತದೆ ಅಂತ ನಾನು ಓದಿದ್ದೆ. ಅದನ್ನು ಕಣ್ಣಾರೆ ಕಂಡದ್ದು ಅಂಚೆಯ ಯಲ್ಲಪ್ಪ ಬಂದಾಗ. ಪಾಪ, ಅವನು ಮಾಡಿದ ತಪ್ಪು ಅಂದರೆ ಖಾಕಿ ತೊಟ್ಟದ್ದು. ಅವನನ್ನು ನೋಡಿಯೂ ಇವಳು ಕಣಜದ ಹಿಂದೆ ಓಡಿದಳು. ಯಲ್ಲಪ್ಪ ಅವತ್ತಿನಿಂದ ನಮ್ಮ ಮನೆಗೆ ಬರುವಾಗ ಕೋಟು ಬಿಚ್ಚಿ ಬಗಲಲ್ಲಿಟ್ಟುಕೊಂಡು ಬರುತ್ತಿದ್ದ.

ಮಾವನಿಗೆ ಬೇಕಾಗಿದ್ದದ್ದು ಒಂದೇ: ಮಗಳು ಮತ್ತೆ ತನ್ನ ಹತ್ತಿರ ಬರಬೇಕು. ಹಿರೇಬೆಂಡಿಗೇರಿಯಿಂದ ಅವರ ತಾಯಿ ಹೊಳೆವ್ವ ಬಂದು ದೃಷ್ಟಿಯಾಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಹಯಾತ ತಾಯಿತ ಕಟ್ಟಿದ. ಮಾವ ಕೋಟನ್ನು ಹೊರಗಿನ ಗೂಟಕ್ಕೆ ಹಾಕಿ ಬರಿ ಧೋತರದಲ್ಲಿ ಒಳಗೆ ಬಂದು ನೋಡಿದರು. ಯಾವುದೂ ನಡೆಯಲಿಲ್ಲ. ರಾತ್ರಿ ಅವಳು ಮಲಗಿದ ಮೇಲೆ ಹೋಗಿ ತಲೆ ಸವರಿ ಬರುತ್ತಿದ್ದರು, ಎಚ್ಚರದಲ್ಲಿ ಮುಟ್ಟುವ ಭಾಗ್ಯ ಇರಲಿಲ್ಲ.

ಒಂದು ದಿನ ನನ್ನ ಹತ್ತಿರ ಬಂದು ಕೂತರು. “ವೀರವ್ವಾ, ನಾಯಿ ಸುದ್ದಿ ಹೇಳಿದ್ಯಲ್ಲ. ಬಿದ್ದ ಗಂಟ ಬಿಚ್ಚೂದು ಹೆಂಗಂತ ಅದರಾಗ ಬರದಿಲ್ಲೇನ?” ಅಂದರು. ಅಕ್ಕೋರ ಅನ್ನದೆ ಹೆಸರು ಹಿಡಿದು ಕರೆದಿದ್ದರು, ಚೇಷ್ಟೆಯಲ್ಲ ಅಂತ ತಿಳಿಯಿತು.

ನನಗೆ ಟ್ರೇನಿಂಗಿನಲ್ಲಿ ಕೇಳಿದ ಇನ್ನೊಂದು ಸಂಗತಿ ನೆನಪಿತ್ತು. ಅಮೇರಿಕೆಯಲ್ಲಿ ಒಬ್ಬ ಹುಡುಗ ಮೊಲ ಕಂಡರೆ ಅಂಜುತ್ತಿದ್ದ. ಅವನ ಅಂಜಿಕೆ ಬಿಡಿಸಿದ ವಿದ್ವಾಂಸೆ, ಅವನು ಇಷ್ಟದ ತಿಂಡಿ ತಿನ್ನುತ್ತ ಕೂತಿರುವಾಗ ಮೊಲವನ್ನು ದೂರದ ಮೂಲೆಯಲ್ಲಿ ಇಡಿಸುತ್ತಿದ್ದಳು. ಅವನು ಗಾಬರಿಯಾಗದಿದ್ದರೆ ಮಾತ್ರ ಇನ್ನೊಂದಿಷ್ಟು ಹತ್ತಿರ. ತಿನ್ನುವ ಸುಖ ಮೊಲಕ್ಕೂ ಅಂಟಿಕೊಳ್ಳಲಿ ಅಂತ. ಒಂದೇ ಎಚ್ಚರಿಕೆ, ಅವಸರ ಮಾಡಬಾರದು. ಮಾಡಿದರೆ ತಿರುವುಮುರುವಾಗಿ ಅಂಜಿಕೆಯೇ ತಿಂಡಿಗೆ ಅಂಟಿಕೊಳ್ಳುತ್ತದೆ.

“ಅಂದ್ರ ನಾ ಮೊಲ ಆಗಬೇಕು” ಅಂದರು ಮಾವ.

“ನೀವು ಮೊಲ ಆಗಬೇಕ್ರಿ. ಸುಮ್ಮ ಕುಂಡ್ರೂ ಮೊಲ.”

ಫಕ್ಕೀರವ್ವನ ಪ್ರಾಣ ಅಂದರೆ ಹಾಲಿನಲ್ಲಿ ಮುರಿದು ಕಲಸಿದ ರೊಟ್ಟಿ. ಅಕ್ಕ ಅವಳನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ಉಣ್ಣಿಸುವಾಗ ಮಾವ ಓಣಿಯ ಆಚೆ ಬೇವಿನ ಗಿಡದ ಕೆಳಗೆ ಬೆನ್ನು ಮಾಡಿ ಕೂಡಬೇಕು. ಕೆಲವು ದಿನಕ್ಕೆ ಅಂಗಳದ ಅಂಚಿಗೆ. ಆಮೇಲೆ ಕಟ್ಟೆಯ ಬುಡಕ್ಕೆ. ಓಣಿಯ ಜನ ನಕ್ಕರು. ಹೆಂಡತಿ ಹೊರಗೆ ಹಾಕಿದ್ದಾಳೆ ಅಂತ ಒಬ್ಬರು ಪಂಚಾಯತಿ ಮಾಡಲೂ ಬಂದರು. ಮಾವ ಕದಲಲಿಲ್ಲ. ಅವಳು ಉಣ್ಣುತ್ತ ಉಣ್ಣುತ್ತ ಅವರ ಬೆನ್ನು ನೋಡತೊಡಗಿದಳು. ಕೆಲಸ ನಡೆಯುತ್ತಿದೆ ಅಂತ ನಾನು ಹಿಗ್ಗಿದೆ.

ಸಂಕ್ರಮಣದ ದಿನ ಎಲ್ಲ ಕೆಟ್ಟಿತು. ಹೊಸ ಅಂಗಿ ತೊಟ್ಟು ಉಣ್ಣುತ್ತ ಕೂತಿದ್ದ ಮಗಳು ಯಾವುದಕ್ಕೋ ಕಿಲಕಿಲ ನಕ್ಕಳು. ಕಟ್ಟೆಯ ಬುಡದಲ್ಲಿದ್ದ ಮಾವನಿಗೆ ತಡೆಯಲಾಗಲಿಲ್ಲ. ಎದ್ದವರೇ ಮೆಟ್ಟಿಲು ಹಾರಿ ಬಂದು ಅವಳನ್ನು ಬಾಚಿ ಎದೆಗೆ ಅಪ್ಪಿಕೊಂಡರು. ಅವಳು ಉಸಿರು ಕಟ್ಟುವ ಹಾಗೆ ಅತ್ತಳು. ಹಾಲಿನ ಬಟ್ಟಲು ಉರುಳಿತು. ಮರುದಿನದಿಂದ ಹಾಲು ರೊಟ್ಟಿಯ ಬಟ್ಟಲು ನೋಡಿದರೂ ಮುಖ ತಿರುಗಿಸಿದಳು.

ಅಕ್ಕ ಜಾಸ್ತಿ ಮಾತಾಡುವವಳಲ್ಲ. ಅವತ್ತು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡಳು. “ನನ್ನ ಕೂಸು ನಾಯಿನೂ ಅಲ್ಲ, ಮೊಲಕ್ಕ ಅಂಜೂ ಯಾರದೋ ಹುಡುಗನೂ ಅಲ್ಲ. ನಿಮ್ಮ ಶಾಸ್ತ್ರ ನೀವು ಇಟಗೋರಿ. ಇದ್ದ ಒಂದ ತುತ್ತ ಕಸಗೊಂಡ್ರಿ” ಅಂದಳು. ನನಗೆ ಸಿಟ್ಟು ಬಂತು. “ಶಾಸ್ತ್ರ ಸುಳ್ಳಲ್ಲಕ್ಕಾ, ಅವಸರ ಮಾಡಿದ್ರ ಹಿಂಗ ಆಗತೈತಿ ಅಂತ ಶಾಸ್ತ್ರನ ಹೇಳೇತಿ” ಅಂದೆ. ಮಾವ ನಡುವೆ ಬಂದರು. “ಆಕೀದೂ ತಪ್ಪಲ್ಲ, ನಿಂದೂ ತಪ್ಪಲ್ಲ. ಮೊಲ ಜಿಗೀತು. ಇನ್ನ ಜಿಗಿಯೂದಿಲ್ಲ.” ಹಾಗಂದು ತಾವೇ ಎದ್ದು ಹೋಗಿ ಬೇವಿನ ಗಿಡದ ಕೆಳಗೆ ಕೂತರು. ಅಷ್ಟು ದೊಡ್ಡ ಮನುಷ್ಯ ಒಂದು ಕೂಸಿನ ಸಲುವಾಗಿ ಮತ್ತೆ ಮೊದಲಿನಿಂದ ಸುರುಮಾಡಿದ್ದು ನೋಡಿ ಅಕ್ಕನ ಸಿಟ್ಟೂ ಇಳಿಯಿತು.

ಈ ಸಲ ಅಕ್ಕ ಬೆಲ್ಲ ಶೇಂಗಾ ಕುಟ್ಟಿ ಉಂಡೆ ಮಾಡಿದಳು. ಚಳಿಗಾಲ ಹೋಯಿತು, ಬೇಸಿಗೆ ಬಂತು. ಮಾವ ಅಂಗಳದ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಬರಲು ಒಮ್ಮೊಮ್ಮೆ ವಾರಗಟ್ಟಲೆ ತೆಗೆದುಕೊಂಡರು. ಸೈಕಲ್ಲಿನ ಗಂಟೆ ಬಿಚ್ಚಿಟ್ಟರು. ಕೋಟು ಪೆಟ್ಟಿಗೆ ಎಲ್ಲ ಪಕ್ಕದ ಮನೆಯಲ್ಲಿ ಇಟ್ಟೇ ಬರುತ್ತಿದ್ದರು. ಮಳೆ ಸುರುವಾದಾಗ ಅವರು ಪಡಸಾಲೆಯ ಕಂಬದ ತನಕ ಬಂದಿದ್ದರು. ಹಾಗೆ ಒಂದು ಸಂಜೆ ಬೆನ್ನು ಮಾಡಿ ಹಗ್ಗ ಹೊಸೆಯುತ್ತ ಕೂತಿದ್ದಾಗ ಫಕ್ಕೀರವ್ವ ಉಂಡೆ ತಿಂದ ಅಂಟು ಕೈಯಲ್ಲೇ ಎದ್ದು ಹೋಗಿ ಅವರ ಬೆನ್ನ ಮೇಲೆ ಒರಗಿದಳು. ಮಾವ ತಿರುಗಲಿಲ್ಲ. ಹಗ್ಗ ಹೊಸೆಯುವುದನ್ನು ನಿಲ್ಲಿಸಲೂ ಇಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಂಡರೆ ಅವಳು ಹೋಗಿಬಿಟ್ಟಾಳು ಅಂತ ಒರೆಸಿಕೊಳ್ಳಲಿಲ್ಲ. ಅಕ್ಕ ಒಳಗೆ ಹೋಗಿ ಅತ್ತಳು. ನಾನು ಅಲ್ಲೇ ಅತ್ತೆ.

ಮಗಳು ಬಂದಳು, ಆದರೆ ಪೂರಾ ಬರಲಿಲ್ಲ. ಧೋತರದ ಅಪ್ಪನ ತೊಡೆ ಏರುತ್ತಿದ್ದಳು, ಮೀಸೆ ಎಳೆಯುತ್ತಿದ್ದಳು, ಜೊತೆಗೆ ಉಣ್ಣುತ್ತಿದ್ದಳು. ಕೋಟಿನ ಅಪ್ಪ ಬೇರೆ ಮನುಷ್ಯ. ಅವರು ಪೆಟ್ಟಿಗೆ ಕಟ್ಟುವುದನ್ನು ದೂರದಿಂದ ಕಂಡರೂ ಅವಳ ಮುಖ ಮುಚ್ಚಿದ ಬಾಗಿಲಿನ ಹಾಗಾಗುತ್ತಿತ್ತು. ಬತ್ತಾಸನ್ನಂತೂ ಮುಟ್ಟಲಿಲ್ಲ. ಯಾರ ಮನೆಯ ಸಮಾರಂಭದಲ್ಲಿ ಕೊಟ್ಟರೂ ಕೈ ಹಿಂದಕ್ಕೆ.

ಇಷ್ಟರಲ್ಲಿ ಅವರು ಹಳ್ಳಿಯ ಕೆಲಸದಲ್ಲೂ ಒಂದು ಬದಲಾವಣೆ ಮಾಡಿದ್ದರು. ಬತ್ತಾಸನ್ನು ಮತ್ತೆ ಕೊಡತೊಡಗಿದರು, ಆದರೆ ಸೂಜಿ ಆದ ಮೇಲೆ. ನೋವು ಮುಗಿದದ್ದರ ಗುರುತು ಬತ್ತಾಸಾಗಲಿ ಅಂತ. ನನ್ನನ್ನು ಕೇಳಿಯೇ ಮಾಡಿದ್ದು. ಮೊದಮೊದಲು ಮಕ್ಕಳು ಬತ್ತಾಸನ್ನು ಎಸೆದವು. ಕೆಲವು ವರ್ಷ ಹೋದ ಮೇಲೆ ಸವಣೂರಿನಲ್ಲಿ ಒಬ್ಬ ಹುಡುಗಿ ಗೀರಿಸಿಕೊಂಡು, ಬತ್ತಾಸು ತಿಂದು, ಇನ್ನೊಂದು ರಟ್ಟೆ ಚಾಚಿ ನಿಂತಳಂತೆ. ಅದನ್ನು ಹೇಳುವಾಗ ಮಾವನ ಮುಖ ನೋಡಬೇಕಿತ್ತು. ಆದರೆ ಅವರಿಗೇ ಒಂದು ಗಂಟು ಬಿದ್ದಿತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹುಲಗೂರಿನ ಆ ದಿನದಿಂದ, ಸೂಜಿ ಹಿಡಿದು ಸಣ್ಣ ರಟ್ಟೆ ಮುಟ್ಟಿದ ಕೂಡಲೆ ಅವರ ಕೈ ನಡುಗುತ್ತಿತ್ತು. ದೇವಿ ಹಾಕುವ ದಿನ ಬೆಳಗ್ಗೆ ರೊಟ್ಟಿ ಮುಟ್ಟದೆ ಹೋಗುತ್ತಾರೆ ಅಂತ ಅಕ್ಕ ಮಾತ್ರ ಗಮನಿಸಿದ್ದಳು.

೧೯೪೩ರ ಬೇಸಿಗೆಯಲ್ಲಿ ಹಿರೇಬೆಂಡಿಗೇರಿಗೆ ಸಿಡುಬು ಬಂತು. ನಾವು ರಜೆಗೆಂದು ಹೊಳೆವ್ವನ ಮನೆಗೆ ಹೋಗಿದ್ದೆವು. ಫಕ್ಕೀರವ್ವನಿಗೆ ಆಗ ಒಂಬತ್ತು ವರ್ಷ. ಊರಿನ ಒಂದು ಮನೆಯಲ್ಲಿ ಕೂಸು ಸಿಡುಬಿನಿಂದ ಮಲಗಿತು ಅನ್ನುವ ಸುದ್ದಿ ಹಾನಗಲ್ಲಿಗೆ ಹೋದ ಕೂಡಲೆ, ಕೆಲಸಕ್ಕೆಂದು ಅಲ್ಲೇ ಉಳಿದಿದ್ದ ಮಾವ ಪೆಟ್ಟಿಗೆ ಕಟ್ಟಿಕೊಂಡು ಬಂದರು. ಹಿಂದೆ ಹಾಕಿಸಿಕೊಂಡ ಮಕ್ಕಳಿಗೂ ಮತ್ತೆ ಹಾಕಬೇಕಿತ್ತು.

“ಫಕ್ಕೀರಿಗೆ?” ಅಕ್ಕ ಕೇಳಿದಳು.

“ಶಿಗ್ಗಾವಿಯಿಂದ ನಾಳೆ ಇನ್ನೊಬ್ಬರು ಬರತಾರ. ಆಕಿಗೆ ಅವರು ಹಾಕಲಿ” ಅಂದರು ಮಾವ. ಮಗಳ ಕಡೆ ನೋಡಲಿಲ್ಲ. “ಒಮ್ಮೆ ಕಳಕೊಂಡೇನಿ. ಇನ್ನೊಮ್ಮೆ ನನ್ನ ಕಡಿಂದ ಆಗೂದಿಲ್ಲ.”

ಫಕ್ಕೀರವ್ವ ಜೋಳ ಕೇರುತ್ತ ಅಲ್ಲೇ ಕೂತಿದ್ದಳು.

ಚಾವಡಿಗೆ ಜನ ಬಂದರು, ಮಕ್ಕಳನ್ನು ಸೆರಗಿನ ಹಿಂದೆ ಇಟ್ಟುಕೊಂಡೇ ಬಂದರು. ಅವ್ವ, ಅಂದರೆ ಸಿಡುಬಿನ ದೇವಿ, ಊರಿಗೆ ಬಂದಾಗ ರಟ್ಟೆ ಗೀರಿದರೆ ಸಿಟ್ಟಾಗುತ್ತಾಳೆ ಅಂತ ಒಬ್ಬರು ಅಂದರು, ಉಳಿದವರು ಹೂಂ ಅಂದರು. ಮಾವ ದೀಪ ಹಚ್ಚಿದರು. ನೀಲಿ ಉರಿ ಎದ್ದಿತು, ಸ್ಪಿರಿಟ್ಟಿನ ವಾಸನೆ ಹರಡಿತು. ಸೂಜಿ ಕಾಯಿಸಿ ಹಿಡಿದುಕೊಂಡು ಕೂತರು. ಯಾರೂ ಮುಂದೆ ಬರಲಿಲ್ಲ.

ನಾನು ಫಕ್ಕೀರವ್ವನನ್ನು ನೋಡಿದೆ. ಆ ವಾಸನೆಗೆ ಅವಳ ಮುಖ ಬೆಳ್ಳಗಾಗಿತ್ತು. ಎರಡು ವರ್ಷದ ಕೂಸಿನ ಹಾಗೆ ಚಾವಡಿಯ ಕಂಬದ ಹಿಂದೆ ಸರಿದು ಹಣೆಯನ್ನು ಕಂಬಕ್ಕೆ ಹಚ್ಚಿದಳು. ಹೋದ ಅಂಜಿಕೆ ಒಮ್ಮೊಮ್ಮೆ ಹೇಳದೆ ಕೇಳದೆ ತಿರುಗಿ ಬರುತ್ತದೆ ಅಂತ ನಾನು ಓದಿದ್ದೆ. ಮುಗಿಯಿತು, ಬೇವಿನ ಗಿಡದ ಕೆಳಗೆ ಕೂತದ್ದೆಲ್ಲ ನೀರಿಗೆ ಹೋಯಿತು ಅಂದುಕೊಂಡೆ. ಮಾವನೂ ನೋಡಿದರು. ಸೂಜಿ ಕೆಳಗಿಟ್ಟರು.

ಅವಳು ಕಂಬ ಬಿಟ್ಟು ಹೊರಗೆ ಬಂದಳು. ಕಾಲು ಎಳೆದುಕೊಂಡು ಬಂದ ಹಾಗೆ ಬಂದಳು, ಆದರೆ ಬಂದಳು. ಖಾಕಿ ಕೋಟಿನ ಎದುರಿಗೆ ನಿಂತು, “ಅಪ್ಪಾ, ಬತ್ತಾಸ ಎಲ್ಲಿ ಅದಾವ?” ಅಂತ ಕೇಳಿದಳು.

ಮಾವ ಪೆಟ್ಟಿಗೆಯ ಕಡೆ ಕೈ ಮಾಡಿದರು. ಅವಳೇ ಪೊಟ್ಟಣ ಬಿಚ್ಚಿ ಒಂದನ್ನು ತೆಗೆದು, ಬಾಯಿಗಿಡದೆ, ಎಡಗೈ ಮುಷ್ಟಿಯಲ್ಲಿ ಬಿಗಿ ಹಿಡಿದಳು. “ಮೊದಲ ಸೂಜಿ” ಅಂದಳು. ಹಾಗಂದು, ಅಷ್ಟು ಉದ್ದ ಬೆಳೆದ ಹುಡುಗಿ, ಊರ ಮಂದಿಯ ಎದುರಿಗೆ ಅಪ್ಪನ ತೊಡೆಯ ಮೇಲೆ ಕೂತು ರಟ್ಟೆ ಬಿಚ್ಚಿ ಕೊಟ್ಟಳು.

ಮಾವನ ಕೈ ನಡುಗಿತು. ನಡುಗುವುದು ನಿಲ್ಲಲೇ ಇಲ್ಲ. ಜನ ನೋಡುತ್ತಿದ್ದರು. ಫಕ್ಕೀರವ್ವ ತನ್ನ ಹಣೆಯನ್ನು ಅವರ ಗಲ್ಲಕ್ಕೆ ಆನಿಸಿ ಮೆಲ್ಲಗೆ ಹೇಳಿದಳು.

“ಅಂಜಬ್ಯಾಡಪಾ. ಇರುವಿ ಕಡದಂಗ, ಅಷ್ಟ.”

ಅವರು ಗೀರಿದರು. ಅವಳು ಕಣ್ಣು ಬಿಗಿ ಮುಚ್ಚಿದಳು, ತೆರೆದಳು. ನೀರು ಬಂದಿತ್ತು. ತೊಡೆ ಬಿಟ್ಟು ಏಳಲಿಲ್ಲ. ಮುಷ್ಟಿ ಬಿಚ್ಚಿದಾಗ ಬತ್ತಾಸು ಬೆವರಿಗೆ ಅರ್ಧ ಕರಗಿತ್ತು. ಅದನ್ನು ಮುರಿದು ಒಂದು ಚೂರನ್ನು ತಾನು ಬಾಯಿಗೆ ಹಾಕಿಕೊಂಡಳು, ದೊಡ್ಡ ಚೂರನ್ನು ಅಪ್ಪನ ಬಾಯಿಗಿಟ್ಟಳು. ಅಷ್ಟು ವರ್ಷ ಊರೂರಿಗೆ ಹಂಚಿದ ಮನುಷ್ಯನಿಗೆ ಯಾರಾದರೂ ಬತ್ತಾಸು ತಿನ್ನಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬಾಯಲ್ಲಿ ಸಿಹಿ, ಕಣ್ಣಲ್ಲಿ ನೀರು, ಮಾವನಿಗೆ ಮುಂದಿನ ಕೂಸನ್ನು ಕರೆಯಲು ಆಗಲಿಲ್ಲ. ಫಕ್ಕೀರವ್ವನೇ ರಟ್ಟೆಗೆ ಗಾಳಿ ಊದಿಕೊಳ್ಳುತ್ತ ಎದ್ದು ನಿಂತು ಮಂದಿಯ ಕಡೆ ನೋಡಿದಳು.

“ಬರ್ರಿ, ಮುಂದಿನವರು ಯಾರ ಅದೀರಿ? ನಮ್ಮಪ್ಪನ ಕೈ ಈಗ ನಡಗೂದಿಲ್ಲ.”